ಹಳೆ ಎಣ್ಣೆ ಇಳಿಯಿತು, ಹೊಸದು ಏರಲಿಲ್ಲ

ಕೇಳಿರಿ ಗೆಳೆಯರೇ, ಕೇಳಿರಿ! ಇಂದು ಸಂಜೆ ಉಟ್ಕೂರಿನಲ್ಲಿ ನಮ್ಮ ನಾಟಕ, ನನ್ನದು ರಾಜನ ಪಾತ್ರ. ಪರದೆ, ಪೋಷಾಕು ಎಲ್ಲ ನನ್ನ ಜೀಪಿನಲ್ಲೇ ಹೋಗಬೇಕು. ಹಿಂದಿನ ಗಾಲಿಗಳ ನಡುವಿನ ಗೇರುಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್, ಗುಂಯ್ಗುಡುತ್ತಿದೆಯೆಂದು, ಸರಿಯಾದ ಎಣ್ಣೆ ನೋಡಿ ಆರಿಸಿಕೊಂಡು, ಬೆಳಿಗ್ಗೆ ನಾರಾಯಣಪೇಟೆಯ ಮೆಕ್ಯಾನಿಕ್ ಮಹಿಬೂಬಣ್ಣನ ಬಳಿಗೆ ಜೀಪು ಒಯ್ದೆ.

ಅಷ್ಟರಲ್ಲಿ ಗ್ಯಾರೇಜಿನ ಪಕ್ಕದ ಮನೆಯ ಮಲ್ಲಪ್ಪ ತಗಡಿನ ಡಬ್ಬಿ ಹಿಡಿದು ಪ್ರವೇಶಿಸಿದ.

"ಅಣ್ಣಾ, ಹಳೆ ಎಣ್ಣಿ ಚೆಲ್ಲಬ್ಯಾಡ, ಬಂಡಿ ಗಾಲಿಗೆ ಬೇಕಾಗೈತಿ."

ದಾನಶೂರ ಮಹಿಬೂಬಣ್ಣ ಕೂಡಲೇ ಕೆಳಗಿನ ಬೋಲ್ಟು ಬಿಚ್ಚಿ ಕಡೆಯ ಹನಿಯವರೆಗೂ ಸುರಿದುಕೊಟ್ಟ. ಆಮೇಲೆ ಹೊಸ ಎಣ್ಣೆ ತುಂಬಲು ಮೇಲಿನ ಬೋಲ್ಟಿಗೆ ಪಾನಾ ಹಾಕಿದ. ತುಕ್ಕು ಹಿಡಿದ ಬೋಲ್ಟು ಅಲುಗಲಿಲ್ಲ. ಜಗ್ಗಿದ, ಅದರ ತಲೆಯೇ ಸವೆದುಹೋಯಿತು.

"ಮೊದಲು ಮೇಲಿಂದು ಬಿಚ್ಚಿ ನೋಡಬೇಕಲ್ಲಪಾ!" ಅಂದೆ.

"ಮಲ್ಲಪ್ಪ ಅವಸರ ಮಾಡಿದ್ನ್ರೀ. ನಾಳಿ ವೆಲ್ಡಿಂಗ್ ಹಚ್ಚಿ ತೆಗೀತೀನಿ, ಬೇಫಿಕರ್ ಇರ್ರಿ."

ಎಣ್ಣೆಯಿಲ್ಲದೆ ಓಡಿಸಿದರೆ ಒಳಗಿನ ಗೇರುಗಳು ಪುಡಿಪುಡಿ. ಪರದೆ, ಪೋಷಾಕು ಜೀಪಿನಲ್ಲೇ ಉಳಿದವು. ಕಿರೀಟವೊಂದನ್ನು ತೊಡೆಯ ಮೇಲಿಟ್ಟುಕೊಂಡು ಉಟ್ಕೂರಿನ ಶೇರ್ ಆಟೊದಲ್ಲಿ ಕುಳಿತಿದ್ದೇನೆ. ಪಕ್ಕದ ಮುದುಕಿ ಈಗಷ್ಟೇ ಅಂದಳು:

"ತಮ್ಮಾ, ಆ ಬುಟ್ಟಿ ಕೆಳಗಿಡು, ನನ್ನ ಕೋಳಿ ಇಡಾಕ ಜಾಗಾ ಇಲ್ಲ."

ಕಿರೀಟ ಕೆಳಗಿಟ್ಟೆ. ದಣಿದ ರಾಜನಿಗೆ ಕೋಳಿಯೊಡನೆ ಯುದ್ಧ ಹೂಡುವ ಮನಸ್ಸಿಲ್ಲ.