ಜೋಯಿಸರ ಕಂಪ್ಯೂಟರಿಗೆ ಮೆಮೊರಿ ಹಾಕಿಸಿದ್ದು

ಕುಂಭಕೋಣದ ಸಾರನಾಥನ್ ಜೋಯಿಸರ ಕಂಪ್ಯೂಟರು ಒಂದು ಜಾತಕ ತೆಗೆಯುವಷ್ಟರಲ್ಲಿ ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮನೆಯ ಗುಟ್ಟನ್ನೆಲ್ಲ ಹೇಳಿ ಮುಗಿಸಿರುತ್ತಿದ್ದರು. ಪರದೆಯ ಮೇಲೆ ಮರಳುಗಡಿಯಾರ ತಿರುಗುತ್ತಿರುವಾಗ ಜೋಯಿಸರು "ಹುಡುಗ ಹೇಗೆ?" ಎಂದು ಸುಮ್ಮನೆ ಕೇಳುವರು. ಹುಡುಗ ಹಿಡಿಸಿದ್ದಾನೋ, ಬೀಗರ ಮೇಲೆ ಗುಮಾನಿಯೋ, ಎಲ್ಲ ಹೊರಬೀಳುವುದು. ಆಮೇಲೆ ಬಂದ ಕಾಗದಕ್ಕೆ ಏನು ಅರ್ಥ ಹೇಳಬೇಕೆಂಬುದು ತಾನಾಗಿ ಹೊಳೆಯುವುದು. ಊರು ಅವರನ್ನು ತ್ರಿಕಾಲಜ್ಞಾನಿ ಎನ್ನುತ್ತಿತ್ತು. ಪಾಪ, ಅವರೂ ಅದನ್ನು ನಂಬಿದ್ದರು.

ಈಚೆಗೆ ಕಂಪ್ಯೂಟರು ನಡುದಾರಿಯಲ್ಲೇ ಕುಸಿದು ಕೂರತೊಡಗಿತು.

"ಶನಿಯಾದ್ರೂ ಒಂದು ರಾಶಿ ಬಿಟ್ಟು ಇನ್ನೊಂದಕ್ಕೆ ಹೋಗ್ತಾನೆ. ನಿಮ್ಮ ಡಬ್ಬ ಒಂದು ಪುಟ ಬಿಟ್ಟು ಇನ್ನೊಂದಕ್ಕೆ ಹೋಗಲ್ಲವಲ್ಲ!" ಎಂದು ಹೆಂಡತಿ ಕೋಮಳವಲ್ಲಿ ಚುಚ್ಚಿದಳು.

ರಿಪೇರಿಯ ಪೀರ್ ಮೊಹಮ್ಮದ್ ಬಂದು ಮುಚ್ಚಳ ಬಿಚ್ಚಿ ಧೂಳು ಊದಿದ. "ಹೊಸದು ಬೇಡ ಸ್ವಾಮಿ. ಮೆಮೊರಿ ಒಂದು ಪಟ್ಟಿ ಸೇರಿಸಿದ್ರೆ ಓಡುತ್ತೆ. ಆದ್ರೆ ಇದರ ಜಾತೀದೇ ಸಿಗಬೇಕು. ಬೇರೆ ಜಾತಿ ಆದ್ರೆ ಒಳಗೆ ಕೂರೋದೇ ಇಲ್ಲ."

"ನಮ್ಮೂರಿಗೆ ತಕ್ಕ ಯಂತ್ರ ಬಿಡಪ್ಪಾ ಭಾಯ್," ಎಂದರು ಜೋಯಿಸರು.

ಪಟ್ಟಿ ಸಿಕ್ಕಿತು. ರಾಹುಕಾಲ ಕಳೆಯಲೆಂದು ಅದನ್ನು ದೇವರ ತಟ್ಟೆಯಲ್ಲಿಟ್ಟಿದ್ದರು. ಮನೆಗೆ ಬಂದದ್ದು ಯಾವುದೂ ಗಂಧ ಕುಂಕುಮವಿಲ್ಲದೆ ಕೆಲಸಕ್ಕೆ ಇಳಿಯುವ ಪದ್ಧತಿಯಿಲ್ಲ. ಪೀರ್ ಅದನ್ನು ಕೂರಿಸಿ ಗುಂಡಿ ಒತ್ತಿದರೆ ಕಂಪ್ಯೂಟರು ಕೀ ಕೀ ಎಂದು ಅರಚಿಕೊಂಡಿತು. ಅವನು ಪಟ್ಟಿಯನ್ನು ಎಳೆದು, ಬೆಳಕಿಗೆ ಹಿಡಿದು ನೋಡಿದ.

"ಸ್ವಾಮಿ, ಹಣೆಗೆ ಇಡೋ ಗಂಧಾನ ಹಲ್ಲಿಗೆ ಇಟ್ಟಿದ್ದೀರಲ್ಲ!"

ಚಿನ್ನದ ಬಣ್ಣದ ಆ ಸಾಲುಹಲ್ಲನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಕಂಪ್ಯೂಟರು ಎದ್ದಿತು. ಎದ್ದದ್ದೇನು, ಹಾರಿತು.

ಮೊದಲು ಬಂದವನು ಪಾತ್ರೆ ಅಂಗಡಿಯ ಗುಣಶೇಖರನ್. ಮಗಳದು ಮಖೆ ನಕ್ಷತ್ರ, ಹುಡುಗನದು ಮೂಲಾ. ಜೋಯಿಸರು ಗುಂಡಿ ಒತ್ತಿದರು. ಅಡುಗೆಮನೆಯಲ್ಲಿ ಹಾಲು ಇನ್ನೂ ಕಾದಿರಲಿಲ್ಲ, ಕಾಗದ ಹೊರಬಂತು. ಅದರಲ್ಲಿದ್ದುದನ್ನು ಓದುವುದನ್ನು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ.

"ರಜ್ಜು ಕೂಡಲ್ಲಪ್ಪ, ತಾಳಿಗೆ ದೋಷ. ಬೇಡ."

ಗುಣಶೇಖರನ್ ಬೆವರಿದ. "ಹಂಗನ್ನಬೇಡಿ ಸ್ವಾಮಿ! ಛತ್ರಕ್ಕೆ ಹೇಳಿಬಿಟ್ಟಿದ್ದೀನಿ. ಆ ಹುಡುಗನೇ ಬೇಕು ಅಂತ ಮಗಳು ಊಟ ಬಿಟ್ಟು ಮಲಗಿದ್ದಾಳೆ. ನೀವು ಬೇಡ ಅಂದ್ರೆ ನಮ್ಮಮ್ಮ ಕೆರೆಯಾಚೆ ಜೋಯಿಸರ ಹತ್ರ ಹೋಗ್ತೀನಿ ಅಂತಾರೆ!"

ಮೊದಲು ಬರಬೇಕಾದ ಮಾತು ತೀರ್ಪಿನ ನಂತರ ಬಂದಿತ್ತು. ಅವನ ಮಗಳ ಮದುವೆಯ ಜೊತೆಗೆ ತಮ್ಮ ಹೆಸರೂ ಹೋಗುವ ಹಾಗಿದೆಯೆಂದು ಜೋಯಿಸರಿಗೆ ಅರಿವಾಯಿತು. ಕೋಮಳವಲ್ಲಿ ಕಾಫಿ ತಂದಿಟ್ಟು, ಗಂಡನ ಮುಖ ನೋಡಿ, ಅಲ್ಲೇ ನಿಂತಳು.

"ಮಗು ಹುಟ್ಟಿದಾಗ ಗಡಿಯಾರ ನೋಡಿದ್ದು ಯಾರು?" ಎಂದು ಜೋಯಿಸರು ಕೇಳಿದರು.

"ನಮ್ಮಮ್ಮ."

"ಅಮ್ಮನಿಗೆ ಕಣ್ಣು?"

"ಆಗಲೇ ಪೊರೆ ಬಂದಿತ್ತು ಸ್ವಾಮಿ."

"ಅದನ್ನ ಮೊದಲೇ ಹೇಳಬಾರದೇನಯ್ಯಾ!"

ಜನನಕಾಲವನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. ಮಖೆಯೇ. ಇನ್ನಷ್ಟು ತಳ್ಳಿದರು. ಮತ್ತೂ ಮಖೆ. ಮೆಮೊರಿ ಹಾಕಿಸುವ ಮೊದಲು ಹೀಗೆ ಹುಡುಕಿದ್ದರೆ ಹುಡುಗಿಗೆ ತಲೆ ನೆರೆಯುತ್ತಿತ್ತು. ಈಗ ಕಂಪ್ಯೂಟರು ಕೇಳಿದ ಕೂಡಲೇ ಕೂಸನ್ನು ಮತ್ತೆ ಮತ್ತೆ ಹುಟ್ಟಿಸಿಕೊಟ್ಟಿತು. ಕೊನೆಗೆ ಪರದೆಯ ಮೇಲೆ ಮುಂದಿನ ನಕ್ಷತ್ರ ಹುಬ್ಬೆ ಬಂತು, ರಜ್ಜು ಸಡಿಲವಾಯಿತು. ಕಾಫಿಯ ನೊರೆ ಇನ್ನೂ ಆರಿರಲಿಲ್ಲ.

"ದಿವ್ಯವಾಗಿ ಕೂಡುತ್ತೆ. ಮಾಡಿ ಮುಗಿಸು."

ಗುಣಶೇಖರನ್ ಕೈಮುಗಿದ. ಕಂಪ್ಯೂಟರಿಗೂ ಮುಗಿದ. "ಏನು ವೇಗ ಸ್ವಾಮಿ! ಏನು ಮಾಡಿಸಿದಿರಿ ಇದಕ್ಕೆ?"

"ಮೆಮೊರಿ ಹಾಕಿಸಿದೆ."

ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಗಿಲವರೆಗೆ ಹೋಗಿ ನಿಂತ. ದನಿಯಲ್ಲಿ ಸಿಟ್ಟಿರಲಿಲ್ಲ.

"ಸ್ವಲ್ಪ ಮುಂಚೆ ಹಾಕಿಸಿದ್ದಿದ್ರೆ ನನ್ನ ತಂಗೀಗೂ ಒಂದು ಮದುವೆ ಆಗ್ತಿತ್ತು ಸ್ವಾಮಿ. ಅವಳದೂ ರಜ್ಜು ಕೂಡಲ್ಲ ಅಂತ ನೀವೇ ಅಂದಿದ್ದಿರಿ. ಅವಳು ಹುಟ್ಟಿದಾಗಲೂ ಹೆರಿಗೆ ನೋವಿನಲ್ಲೇ ಗಡಿಯಾರ ನೋಡಿದ್ದು ನಮ್ಮಮ್ಮನೇ."