ಮಂಗಳಾರತಿಗೆ ಹೊತ್ತಿದ ಕಂಪ್ಯೂಟರುಗಳು

ಅವರ ಅಂಗಿಯ ಜೇಬು ಸದಾ ಒಂದು ಕಡೆಗೆ ಜೋತುಬಿದ್ದಿರುತ್ತಿತ್ತು. ಒಳಗೆ ಎರಡು ಸ್ಕ್ರೂಡ್ರೈವರು, ಒಂದು ಪೆನ್‌ಡ್ರೈವು, ಅದರ ಮೇಲೊಂದು ಪೊಟ್ಟಣ ಹುರಿಗಡಲೆ. ಹೊಳೆನರಸೀಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ಅವರ ಸುಪರ್ದಿಯಲ್ಲಿತ್ತು. ನಾನು ಕನ್ನಡ ಪಾಠ ಮಾಡುವವನು. ಕಂಪ್ಯೂಟರಿನ ತಲೆಬುಡ ನನಗೆ ಇಂದಿಗೂ ತಿಳಿಯದು.

ಮಲ್ಲಿಪಟ್ಟಣ ಅವರ ಊರು. ಆ ಕಡೆಯ ಅಜ್ಜಿಯರು ರಾಗಿ ಬೀಸುತ್ತಾ ಹಾಡುವ ಪದಗಳನ್ನು ಮೊಬೈಲಿನಲ್ಲಿ ಹಿಡಿದಿಡಲು ಹೊರಟ ನನ್ನನ್ನು ಬೈಕಿನಲ್ಲಿ ಮನೆಮನೆಗೆ ಕರೆದೊಯ್ದವರು ಅವರೇ. ಮೊಬೈಲಿನಲ್ಲಿ ಜಾಗ ಸಾಲದಾದಾಗ ಎಲ್ಲವನ್ನೂ ಲ್ಯಾಬಿನ ಒಂದು ಕಂಪ್ಯೂಟರಿಗೆ ತುಂಬಿಕೊಟ್ಟರು.

“ಡಿಸ್ಕ್‌ನ ಎಲ್ಡು ಪಾಲು ಮಾಡಿವ್ನಿ ಸಾ. ಸಿ ಲ್ಯಾಬಿಂದು, ಡಿ ನಿಮ್ದು. ಒಸ ಸಿಸ್ಟಮ್ ಆಕಿದ್ರೂ ಡಿ ಮುಟ್ಟಾಕಿಲ್ಲ.”

ಇರುವ ಒಂದು ಡಿಸ್ಕು ಎರಡು ಹೇಗಾದೀತು ಎಂದೆ.

“ಒಲದ್ ನಡುವೆ ಬದು ಆಕಾಕಿಲ್ವಾ? ಅಂಗೇಯಾ.”

ಕಾಲೇಜಿಗೆ ಹೊಸ ಕಂಪ್ಯೂಟರುಗಳು ಬಂದಾಗ, ಒಂದೊಂದರ ಮುಂದೂ ಕೂರಲಾರದೆ ಅವರು ಸರ್ವರಿನಲ್ಲಿ ಒಂದು ಏರ್ಪಾಡು ಮಾಡಿದರು. ಲ್ಯಾಬಿನ ಯಾವ ಕಂಪ್ಯೂಟರ್ ಆನ್ ಮಾಡಿದರೂ ಅದು ಕೇಬಲ್ಲಿನ ಮೂಲಕ ತಾನೇ ತನ್ನ ಡಿಸ್ಕನ್ನೆಲ್ಲ ಅಳಿಸಿ, ಹೊಸದಾಗಿ ಪಾಲು ಮಾಡಿ, ಸಿಸ್ಟಮ್ ತುಂಬಿಕೊಳ್ಳುತ್ತದೆ. ಯಾರನ್ನೂ ಒಂದು ಮಾತು ಕೇಳುವುದಿಲ್ಲ. ಹಳೆಯವನ್ನು ಆಫ್ ಮಾಡಿಟ್ಟು ಹೊಸವನ್ನು ಹೀಗೆ ತುಂಬಿಸಿದರು. ಕೆಲಸ ಮುಗಿದ ಮೇಲೆ ಆ ಏರ್ಪಾಡನ್ನು ತೆಗೆಯುವುದು ಮರೆತರು.

ಮರುದಿನ ಆಯುಧಪೂಜೆ. ಬೇರೆಯವರು ಕಂಪ್ಯೂಟರನ್ನು ಆಫ್ ಮಾಡಿ ಕುಂಕುಮ ಇಡುತ್ತಾರೆ. ಇವರದು ಇವರದೇ ಶಾಸ್ತ್ರ.

“ಉಸ್ರಾಡ್ದೆ ಇರೋದ್ಕೆ ಎಂಥಾ ಮಂಗ್ಳಾರ್ತಿ ಸಾ?” ಎನ್ನುತ್ತಾ ಹಳೆಯದು ಹೊಸದೆನ್ನದೆ ಎಲ್ಲವನ್ನೂ ಆನ್ ಮಾಡಿ, ವಿಭೂತಿ ಬಳಿದು, ಚೆಂಡುಹೂ ಇಟ್ಟರು. ಪುರಿ ಹಂಚುವಾಗ ನನ್ನ ಹಾಡುಗಳಿದ್ದ ಕಂಪ್ಯೂಟರಿನ ಪರದೆಯ ಮೇಲೆ ಅವರ ಕಣ್ಣು ಬಿತ್ತು. ಅದೂ ಹೊಸವುಗಳಂತೆ ತಾನೇ ಸಿಸ್ಟಮ್ ತುಂಬಿಕೊಳ್ಳುತ್ತಿತ್ತು. ತಟ್ಟೆಯನ್ನು ನನ್ನ ಕೈಗೆ ತುರುಕಿ, ಎದ್ದುಬಿದ್ದು ಓಡಿ ವೈರು ಕಿತ್ತರು.

“ಬದು ಓಯ್ತು ಸಾ. ಮುಂದಿನ್ ಪಾಲ್ಗೆ ಒಸ ಸಿಸ್ಟಮ್ ಬಿತ್ತಿಯೂ ಬುಟ್ಟದೆ.”

“ನನ್ನ ಅಜ್ಜಿಯರು?”

“ಬದು ಓದ್ರೆ ಮಣ್ಣೂ ಓಗ್ತದಾ? ಇಂದಿನ್ ಪಾಲ್ನಾಗೆ, ಡಿ ಇದ್ದ ತಾವ್ಲೇ ಅವ್ರೆ. ಎಲ್ಲವ್ರೆ ಅಂತ ಉಡುಕ್ಬೇಕು.”

ಅಳಿಸಿದ್ದು ಅಳಿಸಿದ ಮೇಲೂ ಹೇಗೆ ಇರುತ್ತದೆ? ಸಿಟ್ಟು ಮಾಡೋಣವೆಂದರೆ ಯಾವುದರ ಮೇಲೆ ಮಾಡಬೇಕೆಂದೂ ತಿಳಿಯಲಿಲ್ಲ. ಹಾಡಿದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೆ ಹೋಗಿ ಹಾಡಿಸುವಂತಿರಲಿಲ್ಲ.

ಅವರು ಪಟ್ಟು ಬಿಡದೆ ಹುಡುಕಿದರು. ಯಾವುದೋ ಸಾಫ್ಟ್‌ವೇರಿನಿಂದ ಹಾಡುಗಳು ಹಿಂದಕ್ಕೆ ಬಂದವು. ಆದರೆ ನಾನು ಹಾಕಿದ್ದ ಹೆಸರುಗಳೆಲ್ಲ ಹೋಗಿ ಬರೀ ಅಂಕಿಗಳಾಗಿದ್ದವು. ಯಾರದು ಯಾವುದೆಂದು ನನಗೆ ತಿಳಿಯದು. ಅವರು ಪಕ್ಕದಲ್ಲಿ ಕೂತು, ಹುರಿಗಡಲೆ ಅಗಿಯುವುದನ್ನೂ ನಿಲ್ಲಿಸಿ ಕೇಳುತ್ತಿದ್ದರು. ಹಾಡಿಗೆ ಮೊದಲು ಬರುವ ಕೆಮ್ಮಿಗೇ, “ನಮ್ ಕೆಳಗಿನ್ ಬೀದಿ ದೊಡ್ಡವ್ವ ಕಣ್ ಸಾ” ಎಂದುಬಿಡುತ್ತಿದ್ದರು. ನಾನು ಹೆಸರು ಟೈಪ್ ಮಾಡುತ್ತಿದ್ದೆ. ಆ ಸಂಜೆಗಳು ನನಗೆ ಬಹಳ ಇಷ್ಟವಾಗಿದ್ದವು.

ಕೆಲಸ ಇನ್ನೂ ಅರ್ಧವಾಗಿತ್ತು. ಎದೆನೋವೆಂದು ಹಾಸನದ ಆಸ್ಪತ್ರೆಗೆ ಹೋದವರು ಹಿಂದಿರುಗಲಿಲ್ಲ.

ಉಳಿದ ಹಾಡುಗಳನ್ನು ಈಗ ಒಬ್ಬನೇ ಕೇಳುತ್ತೇನೆ. ಎಲ್ಲ ಅಜ್ಜಿಯರ ದನಿಯೂ ನನಗೆ ಒಂದೇ. ಮೊನ್ನೆ ಒಂದರಲ್ಲಿ ಪದ ಮುಗಿದ ಮೇಲೆ ಗಂಡಸಿನ ದನಿ ಕೇಳಿಸಿತು: “ಇನ್ನೊಂದ್ ಪದ ಏಳವ್ವಾ, ನಮ್ ಮೇಷ್ಟ್ರು ಆಸೆ ಪಟ್ಕೊಂಡು ಬಂದವ್ರೆ.”

ಯಾರ ನೆರವೂ ಇಲ್ಲದೆ ನಾನು ಗುರುತು ಹಿಡಿದ ದನಿ ಅದೊಂದೇ. ಹಾಡಿದ ಅಜ್ಜಿ ಯಾರೆಂದು ಕೇಳಲು ಪಕ್ಕದ ಕುರ್ಚಿಯ ಕಡೆ ತಿರುಗಿದೆ.