ಗಂಗಕ್ಕನ ಈರುಳ್ಳಿ ಬಿಳುಚಿಕೊಂಡ ದಿನ

ಆದಿವಾಲದ ಗಂಗಕ್ಕನ ಹೊಲದಲ್ಲಿದ್ದ ಚಿನ್ನದಂಥ ಈರುಳ್ಳಿ ರಾಶಿಯನ್ನು ಬೇಡ ಅಂತ ಬಿಟ್ಟು ಬಂದೆ. ಅದನ್ನು ಎತ್ತಿಕೊಂಡವನು ಯಾರು ಗೊತ್ತೇ? ತಾಳ್ಯದ ರುದ್ರೇಶಿ! ನಾನು ಈರುಳ್ಳಿ ವ್ಯಾಪಾರಕ್ಕೆ ಇಳಿದಾಗಿನಿಂದ ನನ್ನ ಪೈಪೋಟಿಗೆ ನಿಂತವನು. ಅವನ ಲಾರಿ ನನ್ನದಕ್ಕಿಂತ ಹೊಸದು. ತಲೆಗೂದಲು ನನ್ನದಕ್ಕಿಂತ ಕಪ್ಪು. (ಬಣ್ಣ ಹಚ್ಚುತ್ತಾನೆ ಅನ್ನುವುದು ನನ್ನ ಅನುಮಾನ.)

ನಮ್ಮ ದಂಧೆಯಲ್ಲೊಂದು ಪದ್ಧತಿ ಇದೆ. ಮಾಲು ಎಷ್ಟೇ ಚೆನ್ನಾಗಿರಲಿ, ಮೊದಲ ಮಾತು 'ಬಣ್ಣ ಇಲ್ಲ'. ಹಾಗಂದು ಮುಖ ಸಿಂಡರಿಸಿ, ಗಾಡಿಯವರೆಗೆ ಹೋಗಿ, ತಿರುಗಿ ಬರಬೇಕು. ಆಗ ರೇಟು ಇಳಿದಿರುತ್ತದೆ. ಅವತ್ತೂ ಒಂದು ಈರುಳ್ಳಿ ಎತ್ತಿ, ಬಲಗಣ್ಣು ಮುಚ್ಚಿ, ಎಡಗಣ್ಣಿನ ಹತ್ತಿರ ಹಿಡಿದೆ. ಅದು ನನ್ನ ಸ್ಟೈಲು.

"ಏನ್ ಗಂಗಕ್ಕ, ಬಿಳುಚ್ಕಂಡೈತಲ್ಲ?"

"ಶುರು ಹಚ್ಕಂಡ ನೋಡು! ಕುಂಕುಮದಂಗೈತೆ ಕಣಣ್ಣ. ಸುಳ್ಳಾದ್ರೂ ಹೊಸದು ಕಲ್ತ್ಕ."

ಆದರೆ ನಾನು ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಬಿಳುಚಿಕೊಂಡಂತೆ ಕಂಡಿತ್ತು. ಗಾಡಿ ಹತ್ತಿ ಬಂದೇಬಿಟ್ಟೆ.

ಸಂಜೆ ಹಿರಿಯೂರಿನ ಟೀ ಅಂಗಡಿಯಲ್ಲಿ ರುದ್ರೇಶಿ ಎದುರಿಗೇ ಬಂದು ಕೂತ. ಮೆರೆಯಲು ಬಂದ ಅಂದುಕೊಂಡೆ.

"ಲೇ, ನೀನು ಮಾಲು ಬೈದು ಬಿಟ್ಟು ಹೋಗೋನಲ್ಲ, ಬೈದು ತಗಳೋನು. ಅಂಥ ಕೆಂಪು ಈರುಳ್ಳಿ ಬಿಳುಚ್ಕಂಡೈತೆ ಅಂದ್ಯಂತೆ, ಕಣ್ಣಿಗೇನಾಗೈತೆ ನಿಂಗೆ?" ಅಂದವನೇ ಹೆಗಲ ಮೇಲಿನ ಕೆಂಪು ಟವೆಲ್ ನನ್ನ ಮುಖಕ್ಕೆ ಹಿಡಿದ. "ಒಂದೊಂದೇ ಕಣ್ಣಾಗೆ ನೋಡು."

ಬಲಗಣ್ಣಿಗೆ ಕೆಂಪು. ಎಡಗಣ್ಣಿಗೆ? ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆ! ಕೈಯಲ್ಲಿದ್ದ ಟೀ ಹಾಗೇ ಆರಿತು.

ಆ ಕಣ್ಣಿನ ಹಿಂದೆ ಬಹಳ ದಿನದಿಂದ ನೋವಿತ್ತು. ಮೂಗೂ ಕಟ್ಟುತ್ತಿತ್ತು. ನಾನೇನು ಮಾಡಿದ್ದೆ? ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಂಡಿದ್ದೆ. ಅಂಗಡಿಯಲ್ಲಿ ಚೌಕಾಸಿ ಮಾಡಿ ಹೊಸ ಕನ್ನಡಕ ಹಾಕಿಸಿಕೊಂಡಿದ್ದೆ. (ಫ್ರೇಮ್ ಚೆನ್ನಾಗಿದೆ.)

ಮಾರನೇ ದಿನ ರುದ್ರೇಶಿಯೇ ತನ್ನ ಕಾರಿನಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದ. (ಕಾರೂ ನನ್ನದಕ್ಕಿಂತ ದೊಡ್ಡದೇ.) ಕಣ್ಣಿನ ಡಾಕ್ಟರು ಸ್ಕ್ಯಾನ್ ಮಾಡಿಸಿ ಮೂಗಿನ ಡಾಕ್ಟರ ಬಳಿ ಕಳಿಸಿದರು. ಮೂಗಿನ ಹಿಂದೆ, ತಲೆಯ ಆಳದಲ್ಲಿ, ಸೈನಸ್ ಎಂಬ ಪುಟ್ಟ ಗಾಳಿಗೂಡು ಇರುತ್ತದಂತೆ. ನನ್ನದರ ಬಾಯಿ ಕಟ್ಟಿ, ಒಳಗೆ ಲೋಳೆ ತುಂಬಿ ಉಬ್ಬಿತ್ತು. ಪಕ್ಕದಲ್ಲೇ ಕಣ್ಣಿನ ನರ. ನಡುವೆ ಈರುಳ್ಳಿ ಸಿಪ್ಪೆಯಂಥ ತೆಳ್ಳನೆ ಮೂಳೆ. ಉಬ್ಬಿದ್ದು ನರವನ್ನು ಅದುಮುತ್ತಿತ್ತು.

"ಸೀಸನ್ ಮುಗಿಸ್ಕಂಡು ಬರ್ಲೇನ್ರಿ ಮೇಡಂ?" ಅಂದೆ. ಅಭ್ಯಾಸ ಬಲ!

"ಬರ್ರಿ. ನೀವು ಬರ್ತೀರಿ, ಕಣ್ಣು ವಾಪಸ್ ಬರಲ್ಲ," ಅಂದರು ಮೂಗಿನ ಡಾಕ್ಟರು.

ಜೀವನದಲ್ಲಿ ಮೊದಲ ಸಲ ಚೌಕಾಸಿ ಬಿಟ್ಟು ಅಡ್ಮಿಟ್ ಆದೆ. ಮೂಗಿನೊಳಗಿಂದಲೇ ದುರ್ಬೀನು ಇಳಿಸಿ ಕ್ಲೀನ್ ಮಾಡಿದರು. ಬಣ್ಣ ನಿಧಾನಕ್ಕೆ ಮರಳಿತು. ಎಲ್ಲರಿಗೂ ಮರಳುವುದಿಲ್ಲವಂತೆ.

ಅದಕ್ಕೇ ಹೇಳುತ್ತೇನೆ ಕೇಳಿ. ನೆಗಡಿಗೆಲ್ಲ ಹೆದರಬೇಡಿ. ಆದರೆ ಕಣ್ಣಿನ ಹಿಂದೆ ನೋವು, ನೋಟ ಮಂಜು, ಒಂದು ಕಣ್ಣಿಗೆ ಮಾತ್ರ ಬಣ್ಣ ಮಾಸಿದಂತೆ ಅನಿಸಿದರೆ ಅವತ್ತೇ ಡಾಕ್ಟರ ಬಳಿ ಓಡಿ. ಕನ್ನಡಕ ಆಮೇಲೆ ಕೊಳ್ಳಬಹುದು.

ಮೊನ್ನೆ ಭಾನುವಾರ ರುದ್ರೇಶಿಯನ್ನು ಊಟಕ್ಕೆ ಕರೆದಿದ್ದೆವು.

"ನೀವಿಲ್ದಿದ್ರೆ ಇವರ ಕಣ್ಣು ಹೋಗ್ತಿತ್ತಣ್ಣ," ಅನ್ನುತ್ತಾ ನನ್ನ ಹೆಂಡತಿ ಅವನ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಸುರಿಯುತ್ತಲೇ ಇದ್ದಳು.

"ಇವನು ಬಿಟ್ಟ ಈರುಳ್ಳಿ ಭಾಳ ಚೆಂದಿತ್ತು ಕಣಮ್ಮ," ಅಂದ ಆ ಮಹಾಶಯ.

ನನ್ನ ಹೋಳಿಗೆ ಒಣಗಿಕೊಂಡು ಕೂತಿತ್ತು. ಎರಡೂ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಣ್ಣಲ್ಲಿ ನಾನು ನೋಡಬೇಕಾದದ್ದು ಇದನ್ನೇ ಏನ್ರಿ?